ಎರಡನೇ ಲೀಡು

ಬೀದರ ಸರ್ಕಾರಿ ದವಾಖಾನಿ, ಹನ್ನೊಂದನೇ ನಂಬರ ಖೋಲಿ.
ಮಂಚದ ಮ್ಯಾಲ ಅಂಗಾತ ಮಲಗ್ಯಾಳ ಹಮೀದಾಬಿ.
ಅಂಗೈ ಗೆರಿಯೊಳಗ ಕರಿ, ತಿಕ್ಕಿದ್ರೂ ಹೋಗದ್ದು;
ಮೂವತ್ತೆಂಟು ವರ್ಷದ ಬಿದ್ರಿ ಕೆಲಸ,
ಕೊರೆದ ಗೆರಿಗೆ ಬೆಳ್ಳಿ ತಂತಿ ಕೂಡಿಸೋ ಕೈ.

ಜೆಲ್ಲು ಹಚ್ಚಿದೆ. ಕೈಗೆರಡು ಕಾಲಿಗೆರಡು ಕ್ಲಿಪ್ಪು,
ಎದಿಗೆ ಆರು ಬಟ್ಟಲು.
"ಜಗದೇವಿ, ಕರೆಂಟ್ ಬಿಡ್ತಿ ಏನವಾ ನನಗ?"
ಇಲ್ಲಮ್ಮ,
ನಿಮ್ಮೊಳಗಿಂದು ಬರಕೊಳ್ಳೂದಷ್ಟ ನನ್ನ ಕೆಲಸ.
"ನನ್ನೊಳಗ?" ನಕ್ಕಳು.
"ನಮ್ಮ ಓಣ್ಯಾಗ ಮುಂಜಾನಿಂದ ಇಲ್ಲ."

ಹೆಂಗ ಹೇಳಲಿ.
ನೆತ್ತರ ತಿರುಗಿ ಬರೋ ಬಾಗಿಲ ಹತ್ರ, ಬಲಕ್ಕ, ಮ್ಯಾಲ,
ಒಂದು ಹಿಡಿಯೂ ಅಲ್ಲ, ಚಿಟಿಕಿಯಷ್ಟು ಜೀವಕಣ ಅವ.
ಸುಮ್ಮ ಕೂಡಾಕ ಬರಂಗಿಲ್ಲ ಅವಕ್ಕ.
ಗೋಡಿ ಸೋರ್ತದ. ಉಪ್ಪು ಹನಿಹನಿ ಒಳಗ ಬರ್ತದ,
ತುಂಬಿ, ಅಂಚಿಗೆ ಬಂದು, ಒಮ್ಮೆ ತುಳುಕಿತು ಅಂದ್ರ
ಅದ ಮೊದಲನೇ ಏಟು.
ಯಾರೂ ಹೊಡದದ್ದಲ್ಲ.
ತಾಯಿ ಹೊಟ್ಟ್ಯಾಗಿಂದ ಹಿಂಗ ಸೋರಕೋತ ಬದುಕೀವಿ.

"ಹಂಗಾರ ತಂತಿ ಎಲ್ಲದ?"
ತಂತಿ ಕೆಲಸದಾಕಿ, ಇದನ್ನ ಕೇಳೂದ ಖರೆ.
ಮಾಂಸದ ಮಾತು ಮಾಂಸಕ್ಕ ತಿಳೀತದಮ್ಮ.
ಕಣಕ್ಕೂ ಕಣಕ್ಕೂ ನಡುವ ಸಣ್ಣ ಖಿಡಕಿ;
ಒಬ್ಬಾಕಿ ಬೆಚ್ಚಿದ್ರ ಬಾಜೂದಾಕಿ ಬೆಚ್ತಾಳ,
ಆಕಿ ಬಾಜೂದಾಕಿ, ಆಕಿ ಬಾಜೂದಾಕಿ.
ಬೆಚ್ಚಿದಾಕಿ ದಣದಿರ್ತಾಳ, ತಕ್ಷಣ ಮತ್ತೊಮ್ಮಿ ಬೆಚ್ಚಂಗಿಲ್ಲ,
ಅದಕ್ಕ ಸುದ್ದಿ ಹೊಳ್ಳಿ ಬರಂಗಿಲ್ಲ.
ನಡುವಿನ ಗಂಟಿಗೆ ಬಂದು ಮಾತ್ರ ತಡೀತದ.
ಸುತ್ತಿಗಿ ಎತ್ತಿರ್ತೀರಿ, ಇನ್ನೂ ಇಳಿಸಿಲ್ಲ,
ಅಷ್ಟು ಹೊತ್ತು.
ಅಷ್ಟರಾಗ ಮ್ಯಾಲಿನ ಖೋಲಿ ಕೆಳಗಿನ ಖೋಲಿಗೆ ನೆತ್ತರ ಸುರೀತದ.
ಆಮ್ಯಾಲ ನಡುಗೋಡಿ ಹಿಡದು ಇಳಿಯೂದು ತಂತಿಯಂಥದ್ದ, ಅದೂ ಮಾಂಸದ್ದು,
ಎಡಕ್ಕ ಬಲಕ್ಕ ಕವಲೊಡದು
ನಿಮ್ಮ ಹೂಜಿ ಮ್ಯಾಲಿನ ಬಳ್ಳಿಗತೆ ಒಳಮೈಯೆಲ್ಲಾ ಹಬ್ಬಿ...

ಲೈಟು ಹೋತು.

ಫ್ಯಾನು ಸುತ್ತು ಕಡಿಮಿ ಮಾಡಕೋತ ನಿಂತಿತು.
ಹೊರಗ ಯಾರೋ ಜನರೇಟರಿಗೆ ಬೈಲಕತ್ತಿದ್ರು.
ಬ್ಯಾಟರಿ ಮ್ಯಾಲ ಮಷೀನು ಕಾಗದ ಉಗುಳತದ, ಕರ್ರ್ ಅಂತ,
ಮೊಬೈಲ್ ಬೆಳಕು ಹಿಡದು ನೋಡಿದೆ:
ಸಣ್ಣ ದಿಬ್ಬ, ತಡೆ, ಎತ್ತರದ ಮೊಳಿ.
ಸಣ್ಣ ದಿಬ್ಬ, ತಡೆ, ಮೊಳಿ.
ಸಣ್ಣ ದಿಬ್ಬ.
ಸಪಾಟು.
ಮ್ಯಾಲಿನ ಖೋಲಿ ಕೂಗ್ಯಾದ,
ಕೆಳಗಿನ ಖೋಲಿಗೆ ಕೇಳಿಸಿಲ್ಲ.

ಇದಕ್ಕ ಇರಬೇಕು, ಸಂಗಾಮ ಮಾಡಕೋತ ಕುಂತಾಗ
ಕಣ್ಣಿಗೆ ಕತ್ತಲಿ ಬಂದು ಒಲಿ ಬಾಜೂಕ ಬಿದ್ದದ್ದು.

ಎರಡನೇ ಲೀಡಿನ್ಯಾಗ ಮಾತ್ರ ಇನ್ನೊಂದು ಇತ್ತು.
ಆ ಸಪಾಟು ಜಾಗಾದಾಗ ಒಂದು ಗೀಚು, ಗಡಬಡಿ, ಓರೆಕೋರೆ.
ಬೆಳಕು ತಿರುವಿ ನೋಡಿದ್ರ
ಆಕಿ ಬಲಗೈ ನಡುಬೆರಳು ಮಂಚದ ಕಬ್ಬಿಣಕ್ಕ
ಟಕ್ ಅಂತಿತ್ತು, ಟಕ್.
"ಕೈ ನಿಲ್ಲಸ್ರಿ ಅಮ್ಮ."
"ನಿಂತದಲ್ಲ?" ಅಂದಳು. ಆಕಿಗೆ ಗೊತ್ತಿದ್ದಿಲ್ಲ.

ಡಾಕ್ಟರ್ ಗೀಚು ನೋಡಿ ಮಾರಿ ಕಿವುಚಿದ್ರು:
ಕೈ ಅಲಗಾಡ್ಯಾದ, ಇನ್ನೊಮ್ಮಿ ತಗಿ.
ತಗದೆ. ಈ ಸಲ ಕೈ ಮ್ಯಾಲ ನನ್ನ ಕೈ ಇಟ್ಟೆ.
ಸ್ವಚ್ಛ ಬಂತು. ತಪ್ಪಿದ ಏಟು ತಪ್ಪಿದಂಗ, ಖಾಲಿ.
ರಾತ್ರಿ ಒಂಬತ್ತಕ್ಕ ಅಂಬುಲೆನ್ಸಿನ್ಯಾಗ ಕಲಬುರಗಿಗೆ ಕಳಿಸಿದ್ರು,
ಪೇಸ್‌ಮೇಕರ್ ಕೂಡಸ್ತಾರಂತ, ಅದರದು ಖರೇನ ತಂತಿ.
ಮಗಳು ಚಪ್ಪಲಿ ಮರತು ಹೋದಳು.

ಮೊದಲನೇ ಕಾಗದ ಬುಟ್ಟಿಗೆ ಹಾಕಬೇಕಾಗಿತ್ತು.
ಹರದು ಇಟಗೊಂಡೆ.
ಈ ಕಾಗದದ ಗೆರಿ ಬಾಳಂಗಿಲ್ಲ,
ಶಾಖ ತಾಗಿದ್ರ ಪೂರಾ ಕರ್ರಗಾಗ್ತದ, ಬಿಸಿಲಿಗೆ ಇಟ್ರ ಮಾಸ್ತದ.
ಹಮೀದಾಬಿ ಕೆಲಸಕ್ಕ ಕ್ವಾಟಿ ಮಣ್ಣ ಬೇಕಂತ,
ಬಿಸಿಲು ಮಳಿ ಕಾಣದ ಮೂಲ್ಯಾಗಿಂದು; ನಾಲಿಗಿ ಮ್ಯಾಲ ಇಟ್ಟು ಆರಸ್ತಾಳಂತ,
ಅದನ್ನ ಹಚ್ಚಿದ್ರ ಲೋಹ ಕಪ್ಪಾಗಿ
ಬೆಳ್ಳಿ ಹಂಗ ಉಳೀತದ.

ನನ್ನ ಕಪಾಟಿನ ಕೆಳಗಿನ ಖಾನಿ ಹಂಥಾದ್ದ.
ಅಲ್ಲಿಟ್ಟೀನಿ.
ಒಂದು ದಿಬ್ಬ, ಆಮ್ಯಾಲ
ಎದಿ ಮರತ ಜಾಗಾದಾಗ
ಬೆರಳಿಂದೊಂದು ಏಟು.